ಹೊಸ ಪೆಟ್ಟಿಗೆ ಯಾವಾಗ?

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಸ ಹಾರ್ಮೋನಿಯಂ ಕೊಳ್ಳುವ ಆಸೆ ಹುಟ್ಟುವುದು ಹೊಗೆಸೊಪ್ಪಿನ ಹರಾಜಿನ ದುಡ್ಡು ಕೈಸೇರಿದಾಗ, ಕೆ.ಆರ್. ನಗರದ ಕಡೆ ಭತ್ತ ಮಾರಿದಾಗ. ಅಷ್ಟು ಹೊತ್ತಿಗೆ ಊರಲ್ಲಿ ‘ಕುರುಕ್ಷೇತ್ರ’ದ ತಾಲೀಮೂ ಶುರುವಾಗಿರುತ್ತದೆ. ದುಡ್ಡಿದೆ, ನಾಟಕವಿದೆ, ಹಳೇ ಪೆಟ್ಟಿಗೆ ಗೊರಗುಟ್ಟುತ್ತಿದೆ. ಆದರೆ ಅದರ ಮುಚ್ಚಳ ಬಿಚ್ಚಿ ನೋಡಿದವರು ಎಷ್ಟು ಮಂದಿ?

ಸ್ಟಾಪ್‌ಗಳನ್ನೆಲ್ಲ ಮುಚ್ಚಿ ತಿದಿ ಒತ್ತಿ, ಗಾಳಿ ತುಂಬಿ. ಯಾವ ಮನೆಯನ್ನೂ, ಅಂದರೆ ಬೆರಳಿಂದ ಒತ್ತುವ ಕೀಲಿಯನ್ನೂ, ಮುಟ್ಟದಿದ್ದರೂ ಒಳತಿದಿ ಸರ್ರನೆ ಇಳಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಎಚ್.ಡಿ. ಕೋಟೆಯ ಮಳೆಗಾಲದ ಥಂಡಿಗೆ ಮರ ಉಬ್ಬಿ ಮನೆಗಳು ಕಚ್ಚಿಕೊಳ್ಳುವುದೂ ಉಂಟು. ಅಪಶ್ರುತಿಗೂ ಮದ್ದಿದೆ: ಹಿತ್ತಾಳೆ ರೀಡಿನ ತುದಿಯನ್ನು ಒಂಚೂರು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಇದೆಲ್ಲ ರಿಪೇರಿಯ ಬಾಬತ್ತು. ಇದಕ್ಕಾಗಿ ಹೊಸದು ಕೊಂಡರೆ ದುಂದು.

ಸ್ಕೇಲ್ ಚೇಂಜರ್ ಬಗ್ಗೆ ನನಗೆ ಮೊದಲಿಂದಲೂ ಗುಮಾನಿ. ರಾತ್ರಿಯಿಡೀ ನಡೆಯುವ ನಾಟಕದಲ್ಲಿ ಕೃಷ್ಣನ ಶ್ರುತಿ ಒಂದು, ದುರ್ಯೋಧನನದು ಇನ್ನೊಂದು, ದ್ರೌಪದಿ ಬಂದರೆ ಮತ್ತೆ ಮೇಲಕ್ಕೆ. ಮನೆಗಳ ಸಾಲನ್ನೇ ಪಕ್ಕಕ್ಕೆ ಸರಿಸುವ ಪೆಟ್ಟಿಗೆ ಆಗ ವರದಂತೆ ಕಾಣುತ್ತದೆ, ನಿಜ. ಆದರೆ ಯಾವ ಮನೆಯಿಂದ ಷಡ್ಜ ಹಿಡಿದರೂ ನುಡಿಸಬಲ್ಲ ಮೇಷ್ಟ್ರಿಗೆ ಅದು ಬೇಡ. ಒಂದೇ ಮನೆಗೆ ಅಂಟಿಕೊಂಡ ಕಲಿಯುವವನಿಗೆ ಅದು ಸಿಕ್ಕಿದರೆ ಬೆರಳು ಅಲ್ಲೇ ನಿಂತುಬಿಡುತ್ತದೆ. ಮೂರು ಸಾಲು ರೀಡಿನದೂ ಅದೇ ಕಥೆ. ಅದಕ್ಕೆ ಗಾಳಿ ಹೆಚ್ಚು ಬೇಕು, ಹೊರಲು ಭಾರ. ಮೈಕ್ ಇರುವ ವೇದಿಕೆಗೆ ಎರಡು ಸಾಲು ಧಾರಾಳ.

ದುಡ್ಡು ಹಾಕುವುದಾದರೆ ಕಾಲುಪೆಟ್ಟಿಗೆಗೆ ಹಾಕಿ. ಕಲ್ಕತ್ತದ ದ್ವಾರಕಾನಾಥ ಘೋಷ್ 1875ರ ಸುಮಾರಿಗೆ ಯುರೋಪಿನ ಹಾರ್ಮೋನಿಯಂನ ಕಾಲು ತೆಗೆದು, ನೆಲದ ಮೇಲೆ ಕೂತು ನುಡಿಸುವಂತೆ ಮಾಡಿದರು. ನಮ್ಮ ನಾಟಕದ ಮೇಷ್ಟ್ರುಗಳು ಕಾಲನ್ನು ಬಿಡಲಿಲ್ಲ. ಪೆಡಲ್ ಕಾಲಿನ ಪಾಲಾದರೆ ಎರಡು ಕೈಯೂ ಮನೆಗಳ ಮೇಲೆ; ನಟ ಪದ್ಯ ಮರೆತು ತಡವರಿಸಿದಾಗ ಎಡಗೈ ಶ್ರುತಿ ಹಿಡಿದಿದ್ದರೆ ಬಲಗೈ ಮುಂದಿನ ಸಾಲು ಎತ್ತಿಕೊಡುತ್ತದೆ. ಗಮಕ ಬಾರದ ವಾದ್ಯವೆಂದು ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ನಿಷೇಧ ಸಡಿಲವಾದದ್ದು 1971ರಲ್ಲಿ. ರೇಡಿಯೋ ಬೇಡವೆಂದರೂ ನಾಟಕ ಅದನ್ನು ಕೈಬಿಡಲಿಲ್ಲ.

ಕೊಳ್ಳಲು ಒಬ್ಬರೇ ಹೋಗಬೇಡಿ. ದುರ್ಯೋಧನನ ಪಾರ್ಟು ಮಾಡುವವನನ್ನು ಕರೆದುಕೊಂಡು ಹೋಗಿ, ಅಂಗಡಿಯಲ್ಲೇ ಒಂದು ಕಂದ ಹಾಡಿಸಿ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ. ಮೆಲ್ಲಗೆ ಒತ್ತಿದರೂ ಎಲ್ಲ ಮನೆಗಳು ಒಟ್ಟಿಗೆ ಉಲಿಯುತ್ತವೆಯೇ, ತಾರದಲ್ಲಿ ಅವನ ಗಂಟಲು ಕಟ್ಟುತ್ತದೆಯೇ ನೋಡಿ. ಹಳೇ ಪೆಟ್ಟಿಗೆ ಮಾರಬೇಡಿ. ತಾಲೀಮಿಗೆ ಅದೇ ಸಾಕು.