ಸೆರೆಮನೆಯೊಳಗಿನ ಸ್ವಸ್ಥತೆ: ಅಮೆರಿಕದ ಒಂದು ಚಿಕಿತ್ಸಾಕ್ರಮದ ದೈವಶಾಸ್ತ್ರೀಯ ವಿಮರ್ಶೆ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಈಸ್ಟ್ ಕೇಂಬ್ರಿಜ್ ಸೆರೆಮನೆಗೆ 1841ರ ಮಾರ್ಚ್ ತಿಂಗಳ ಒಂದು ಭಾನುವಾರ ಡೊರೊಥಿಯಾ ಡಿಕ್ಸ್ ಎಂಬ ಶಿಕ್ಷಕಿಯು ಸ್ತ್ರೀ ಕೈದಿಗಳಿಗೆ ವೇದಪಾಠ ಹೇಳಲು ಹೋದರು. ಅಲ್ಲಿ ಅಪರಾಧಿಗಳ ಜೊತೆಯಲ್ಲಿ ಮನೋರೋಗಿಗಳನ್ನೂ ಕೂಡಿಹಾಕಲಾಗಿತ್ತು. ಚಳಿಯಲ್ಲೂ ಅವರ ಕೋಣೆಗಳಿಗೆ ಬೆಂಕಿಯ ಕಾವು ಇರಲಿಲ್ಲ. ಆಕೆ ಆ ರಾಜ್ಯದ ಸೆರೆಮನೆಗಳನ್ನೂ ಬಡವರ ಆಶ್ರಯಗೃಹಗಳನ್ನೂ ಸುತ್ತಿ ನೋಡಿ 1843ರಲ್ಲಿ ಶಾಸನಸಭೆಗೆ ಸಲ್ಲಿಸಿದ ಮನವಿಪತ್ರವು, ರಾಜ್ಯಗಳು ಮಾನಸಿಕ ಆಸ್ಪತ್ರೆಗಳನ್ನು ಕಟ್ಟುವ ಚಳವಳಿಗೆ ಬಲ ಕೊಟ್ಟಿತು. ಆಕೆಯ ಬೇಡಿಕೆಯ ಸಾರ ಇಷ್ಟೇ: ರೋಗಿಗೆ ತಕ್ಕ ಸ್ಥಳ ಸೆರೆಮನೆಯಲ್ಲ, ಆಸ್ಪತ್ರೆ.

ನೂರ ಎಪ್ಪತ್ತು ವರ್ಷಗಳ ಬಳಿಕ ಅದೇ ದೇಶದಲ್ಲಿ ಈ ಮಾತು ಹಿಮ್ಮುಖವಾಗಿ ನಡೆಯತೊಡಗಿತು. ಕ್ಯಾಲಿಫೋರ್ನಿಯ ರಾಜ್ಯದ ಸ್ಯಾನ್ ಬರ್ನಾರ್ಡಿನೊ ಕೌಂಟಿಯಲ್ಲಿ 2011ರಲ್ಲಿ, ವಿಚಾರಣೆಯನ್ನು ಎದುರಿಸಲು ಮಾನಸಿಕವಾಗಿ ಅಸಮರ್ಥರೆಂದು ನ್ಯಾಯಾಲಯ ತೀರ್ಮಾನಿಸಿದ ಆರೋಪಿಗಳಿಗೆ ರಾಜ್ಯದ ಆಸ್ಪತ್ರೆಯ ಬದಲು ಜೈಲಿನಲ್ಲಿಯೇ ಚಿಕಿತ್ಸೆ ನೀಡುವ ಕಾರ್ಯಕ್ರಮ ಆರಂಭವಾಯಿತು. ಮರುವರ್ಷ ಆ ರಾಜ್ಯದ ಶಾಸನಸಭೆಯ ಆಯವ್ಯಯ ವಿಶ್ಲೇಷಣಾ ಕಚೇರಿಯು ಖರ್ಚಿನ ಉಳಿತಾಯವನ್ನು ತೋರಿಸಿ ಇದನ್ನು ವಿಸ್ತರಿಸಲು ಸಲಹೆ ಮಾಡಿತು. ಇಂಥ ಕಾರ್ಯಕ್ರಮಗಳು ಇತರ ರಾಜ್ಯಗಳಲ್ಲಿಯೂ ನಡೆಯುತ್ತಿವೆ. ಈ ಕ್ರಮವನ್ನು ಸುವಾರ್ತೆಯ ಬೆಳಕಿನಲ್ಲಿ ಪರೀಕ್ಷಿಸುವುದೇ ಈ ಲೇಖನದ ಉದ್ದೇಶ.

ಕ್ರಮದ ಹಿನ್ನೆಲೆ

ತನ್ನ ಮೇಲಿನ ಆರೋಪವೇನೆಂದು ಅರಿಯಲಾರದವನನ್ನು ವಿಚಾರಣೆಗೆ ನಿಲ್ಲಿಸುವುದು ನ್ಯಾಯವಲ್ಲ. 1960ರ ಡಸ್ಕಿ ಪ್ರಕರಣದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಇದಕ್ಕೆ ಅಳತೆಗೋಲನ್ನು ಕೊಟ್ಟಿತು. ಆರೋಪಿಯು ತನ್ನ ವಕೀಲನೊಂದಿಗೆ ವಿವೇಕದಿಂದ ಸಮಾಲೋಚಿಸಲು ಶಕ್ತನಾಗಿರಬೇಕು. ನಡೆಯುತ್ತಿರುವ ವ್ಯವಹಾರದ ಸಂಗತಿಗಳನ್ನು ತಿಳಿದಿದ್ದರೆ ಸಾಲದು, ಅವುಗಳ ಅರ್ಥವನ್ನೂ ಗ್ರಹಿಸಬೇಕು. 1972ರ ಜ್ಯಾಕ್ಸನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಮತ್ತೊಂದು ಮಿತಿಯನ್ನು ಹಾಕಿತು. ಕಿವಿ ಕೇಳದ, ಮಾತು ಬಾರದ, ಶಿಶುವಿನಷ್ಟೇ ತಿಳಿವಳಿಕೆಯುಳ್ಳ ಒಬ್ಬನ ಮೇಲೆ ಒಟ್ಟು 9 ಡಾಲರ್ ಮೌಲ್ಯದ ಎರಡು ಸುಲಿಗೆಗಳ ಆರೋಪವಿತ್ತು. ಅಸಮರ್ಥನೆಂಬ ಒಂದೇ ಕಾರಣಕ್ಕೆ ಅವನನ್ನು ಕೊನೆಯಿಲ್ಲದೆ ಬಂಧನದಲ್ಲಿಡಬಾರದೆಂದು ತೀರ್ಪಾಯಿತು.

ಆದರೆ ಚಿಕಿತ್ಸೆಯ ಹಾಸಿಗೆಗಳು ಎಲ್ಲಿವೆ? 1955ರಲ್ಲಿ ಆ ದೇಶದ ರಾಜ್ಯ ಮಾನಸಿಕ ಆಸ್ಪತ್ರೆಗಳಲ್ಲಿ 5,50,000ಕ್ಕೂ ಹೆಚ್ಚು ರೋಗಿಗಳಿದ್ದರು. 2016ರ ಹೊತ್ತಿಗೆ ಉಳಿದಿದ್ದ ಹಾಸಿಗೆಗಳು ಸುಮಾರು 38,000. ಹಳೆಯ ಆಸ್ಪತ್ರೆಗಳಲ್ಲಿ ಕಿಕ್ಕಿರಿದ ಜನರೂ ಕ್ರೌರ್ಯವೂ ತುಂಬಿದ್ದುದರಿಂದ ಅವುಗಳ ಬಾಗಿಲು ಮುಚ್ಚಿದ್ದಕ್ಕೆ ಅಳಬೇಕಾಗಿಲ್ಲ. ಆದರೆ ಅವುಗಳ ಬದಲಿಗೆ ಊರೂರಲ್ಲಿ ಕಟ್ಟುತ್ತೇವೆಂದು 1963ರ ಕಾಯಿದೆಯು ಮಾತು ಕೊಟ್ಟಿದ್ದ ಆರೈಕೆಯ ಕೇಂದ್ರಗಳು ಸಾಕಷ್ಟು ಸಂಖ್ಯೆಯಲ್ಲಿ ಮೇಲೇಳಲಿಲ್ಲ. ಹೀಗಾಗಿ ಅಸಮರ್ಥರೆಂದು ಘೋಷಿತರಾದವರು ಆಸ್ಪತ್ರೆಯ ಸರದಿಗಾಗಿ ಜೈಲಿನಲ್ಲಿಯೇ ವಾರಗಟ್ಟಲೆ, ತಿಂಗಳುಗಟ್ಟಲೆ ಕಾಯುವಂತಾಯಿತು. ವರ್ಜೀನಿಯದಲ್ಲಿ 2015ರಲ್ಲಿ ಸುಮಾರು 5 ಡಾಲರ್ ಬೆಲೆಯ ತಿಂಡಿ ಕದ್ದ ಆರೋಪದ ಮೇಲೆ ಬಂಧಿತನಾದ 24 ವರ್ಷದ ಯುವಕನನ್ನು ಆಸ್ಪತ್ರೆಗೆ ಕಳುಹಿಸಬೇಕೆಂದು ನ್ಯಾಯಾಲಯ ಆಜ್ಞಾಪಿಸಿತು. ಆಜ್ಞೆ ಕಾಗದದಲ್ಲೇ ಉಳಿಯಿತು. ನಾಲ್ಕು ತಿಂಗಳ ಬಳಿಕ ಅವನು ಜೈಲಿನ ಕೋಣೆಯಲ್ಲಿ ಎಲುಬುಗೂಡಾಗಿ ಸತ್ತುಬಿದ್ದಿದ್ದನು.

ಈ ಕಾಯುವಿಕೆಯನ್ನು ನ್ಯಾಯಾಲಯಗಳು ಸಹಿಸಲಿಲ್ಲ. ಓರೆಗಾನ್‌ನ ವಿಷಯದಲ್ಲಿ 2003ರಲ್ಲಿ, ವಾಷಿಂಗ್ಟನ್ ರಾಜ್ಯದ ವಿಷಯದಲ್ಲಿ 2015ರಲ್ಲಿ ಫೆಡರಲ್ ನ್ಯಾಯಾಲಯಗಳು ಏಳು ದಿನಗಳ ಗಡುವನ್ನು ವಿಧಿಸಿದವು. ಕ್ಯಾಲಿಫೋರ್ನಿಯದ ಮೇಲ್ಮನವಿ ನ್ಯಾಯಾಲಯವು 2021ರಲ್ಲಿ 28 ದಿನಗಳ ಗಡುವನ್ನು ಎತ್ತಿಹಿಡಿಯಿತು. ಜೈಲಿನಲ್ಲಿ ಕೊಳೆಯಬಾರದೆಂಬುದು ಈ ತೀರ್ಪುಗಳ ತಿರುಳು. ಜೈಲಿನೊಳಗಿನ ಚಿಕಿತ್ಸಾಕ್ರಮವಾದರೋ ಆ ಗಡುವನ್ನು ಪಾಲಿಸಲು ಸುಲಭವಾದ ದಾರಿಯನ್ನು ತೋರಿಸುತ್ತದೆ: ರೋಗಿಯನ್ನು ಹೊರಕ್ಕೆ ತರುವುದು ಕಷ್ಟವಾದರೆ, ಆಸ್ಪತ್ರೆಯ ಹೆಸರನ್ನು ಒಳಕ್ಕೆ ತರುವುದು.

ಸಮರ್ಥಕರ ವಾದ

ಈ ಕ್ರಮದ ಸಮರ್ಥಕರು ಕಠಿಣಹೃದಯರಲ್ಲ. ಯಾವ ಔಷಧವೂ ಇಲ್ಲದೆ ತಿಂಗಳುಗಟ್ಟಲೆ ಕಾಯುವುದಕ್ಕಿಂತ ಇಂದೇ ಮನೋವೈದ್ಯನು ಕೋಣೆಗೆ ಬರುವುದು ಮೇಲೆಂದು ಅವರು ಹೇಳುತ್ತಾರೆ. ಆರೋಪಿಯು ತನ್ನ ಕುಟುಂಬಕ್ಕೂ ವಕೀಲನಿಗೂ ಸಮೀಪದಲ್ಲಿರುತ್ತಾನೆ. ದೂರದ ಆಸ್ಪತ್ರೆಯಲ್ಲಿ ಚೇತರಿಸಿಕೊಂಡವನು ವಿಚಾರಣೆಗಾಗಿ ಜೈಲಿಗೆ ಹಿಂದಿರುಗಿದಾಗ ಔಷಧ ತಪ್ಪಿ ಮತ್ತೆ ಕೆಡುವುದುಂಟು. ಒಂದೇ ಸ್ಥಳದಲ್ಲಿದ್ದರೆ ಈ ಅಪಾಯ ಕಡಿಮೆ. ಈ ವಾದಗಳಲ್ಲಿ ಸತ್ಯವಿದೆ. ವರ್ಜೀನಿಯದ ಆ ಯುವಕನ ಬಾಗಿಲಿಗೆ ಅಂಥ ವೈದ್ಯನೊಬ್ಬನು ದಿನವೂ ಬಂದಿದ್ದರೆ ಅವನು ಬದುಕುತ್ತಿದ್ದನೇನೋ. ಆದ್ದರಿಂದ, ಚಿಕಿತ್ಸೆಯಿಲ್ಲದ ಜೈಲಿಗಿಂತ ಚಿಕಿತ್ಸೆಯುಳ್ಳ ಜೈಲು ಮೇಲು ಎಂಬುದನ್ನು ಒಪ್ಪಿಕೊಂಡೇ ವಿಮರ್ಶೆ ಮುಂದುವರಿಯಬೇಕು. ನಮ್ಮ ಆಕ್ಷೇಪ ಇರುವುದು ಚಿಕಿತ್ಸೆಯ ಗುರಿಯ ಮೇಲೆ ಮತ್ತು ಅದು ನಡೆಯುವ ಸ್ಥಳದ ಮೇಲೆ.

'ಪುನಃಸ್ಥಾಪನೆ' ಎಂಬ ಪದ

ಈ ಕಾರ್ಯಕ್ರಮಗಳು ತಮ್ಮ ಕೆಲಸವನ್ನು 'ಸಾಮರ್ಥ್ಯದ ಪುನಃಸ್ಥಾಪನೆ' ಎಂದು ಕರೆಯುತ್ತವೆ. ಪುನಃಸ್ಥಾಪನೆ ಎಂಬುದು ನಮ್ಮ ವೇದಿಕೆಗಳಲ್ಲಿ ತೂಕವುಳ್ಳ ಪದ. ಇಲ್ಲಿ ಅದರ ಅರ್ಥ ಬಹಳ ಚಿಕ್ಕದು. ಔಷಧದ ಜೊತೆಗೆ ಆರೋಪಿಗೆ ಪಾಠಗಳನ್ನು ಕಲಿಸಲಾಗುತ್ತದೆ: ನ್ಯಾಯಾಧೀಶನು ಯಾರು, ಸರ್ಕಾರದ ವಕೀಲನ ಕೆಲಸವೇನು, ತಪ್ಪೊಪ್ಪಿಗೆಯೆಂದರೇನು. ಅವನು ವಿಚಾರಣೆಗೆ ನಿಲ್ಲಬಲ್ಲನೆಂದು ತೋರಿದ ಕೂಡಲೆ ಕೆಲಸ ಮುಗಿಯಿತು. ಅವನಿಗೆ ನಿದ್ರೆ ಬರುತ್ತದೆಯೇ, ಕಿವಿಯಲ್ಲಿ ಕೂಗುವ ದನಿಗಳು ನಿಂತವೇ, ಬಿಡುಗಡೆಯಾದ ಮೇಲೆ ಹೋಗಲು ಅವನಿಗೊಂದು ಮನೆಯಿದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕದಿದ್ದರೂ ಕಡತ ಮುಚ್ಚಬಹುದು. ದೃಢೀಕರಣಕ್ಕೆ ಮಕ್ಕಳನ್ನು ಸಿದ್ಧಪಡಿಸಿದ ಸಭಾಪಾಲಕರಿಗೆ ಇದರ ಅಪಾಯ ತಿಳಿದದ್ದೇ. ಪ್ರಶ್ನೋತ್ತರವನ್ನು ಬಾಯಿಪಾಠ ಮಾಡಿ ಒಪ್ಪಿಸಿದ ಮಗು ವಿಶ್ವಾಸವನ್ನು ಗ್ರಹಿಸಿದೆಯೆಂದು ನಾವು ಹೇಳುವುದಿಲ್ಲ. ಡಸ್ಕಿ ತೀರ್ಪು ಬೇಡಿದ್ದೂ ಬಾಯಿಪಾಠವನ್ನಲ್ಲ, ಗ್ರಹಿಕೆಯನ್ನು.

ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯವನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಮನೋರೋಗವೆಲ್ಲ ದೆವ್ವದ ಕಾಟವೆಂದು ಈ ಭಾಗದಿಂದ ಬೋಧಿಸುವುದು ತಪ್ಪು. ಆ ಬೋಧನೆಯಿಂದ ಅನೇಕ ಕುಟುಂಬಗಳು ನೊಂದಿವೆ. ಇಲ್ಲಿ ನಾವು ಗಮನಿಸಬೇಕಾದದ್ದು ಜನರ ನಡತೆಯನ್ನೂ ಕರ್ತನ ನಡತೆಯನ್ನೂ. ಗೆರಸೇನರ ಸೀಮೆಯ ಜನರು ಆ ಮನುಷ್ಯನನ್ನು ಸರಪಣಿಗಳಿಂದ ಬಿಗಿದರು, ಬೇಡಿ ಹಾಕಿದರು. ಊರಿಗೆ ಬೇಕಾಗಿದ್ದುದು ಅವನಿಂದ ನೆಮ್ಮದಿ, ಅವನ ನೆಮ್ಮದಿಯಲ್ಲ. ಯೇಸು ಅವನ ಹೆಸರನ್ನು ಕೇಳಿದನು. ಕೊನೆಯಲ್ಲಿ ಅವನು ಬಟ್ಟೆಯುಟ್ಟು ಸ್ವಸ್ಥಬುದ್ಧಿಯಿಂದ ಕುಳಿತಿದ್ದಾಗ, ಕರ್ತನು ಅವನನ್ನು ಅವನ ಮನೆಗೂ ಸ್ವಜನರ ಬಳಿಗೂ ಕಳುಹಿಸಿದನು. ಸುವಾರ್ತೆಯ ಪುನಃಸ್ಥಾಪನೆ ಮನೆಯಲ್ಲಿ ಪೂರ್ಣಗೊಳ್ಳುತ್ತದೆ. ಜೈಲಿನ ಪುನಃಸ್ಥಾಪನೆ ಕಟಕಟೆಯಲ್ಲಿ ಮುಗಿಯುತ್ತದೆ. ಆಸ್ಪತ್ರೆಗೆ ಕಳುಹಿಸಿದರೂ ಕಾನೂನಿನ ಗುರಿ ಕಟಕಟೆಯೇ ನಿಜ. ಆದರೆ ಆಸ್ಪತ್ರೆಗೆ ಆ ಗುರಿಯ ಆಚೆಗೂ ಒಂದು ಕರ್ತವ್ಯವಿದೆ. ಜೈಲಿಗೆ ಅದಿಲ್ಲ.

ಸ್ಥಳದ ಪ್ರಶ್ನೆ

ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಕರ್ತನು ರೋಗಿಯನ್ನೂ ಸೆರೆಯಲ್ಲಿರುವವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಇಬ್ಬರಲ್ಲೂ ತಾನೇ ಇದ್ದೇನೆಂದನು. ಆದರೂ ಇವೆರಡನ್ನು ಬೇರೆ ಬೇರೆ ಕಷ್ಟಗಳೆಂದೇ ಎಣಿಸಿದನು. ಒಬ್ಬನೇ ಮನುಷ್ಯನಲ್ಲಿ ಎರಡೂ ಕಷ್ಟಗಳು ಕೂಡಿದಾಗ ನಮ್ಮ ಹೊಣೆ ಇಮ್ಮಡಿಯಾಗುತ್ತದೆ. ಸೆರೆಯನ್ನೇ ಆರೈಕೆಯೆಂದು ಎಣಿಸಿ ಎರಡು ಹೊಣೆಗಳನ್ನು ಒಂದರಲ್ಲೇ ತೀರಿಸಿಬಿಡುವ ಹಕ್ಕು ನಮಗಿಲ್ಲ. ಬೀಗ, ಕಾವಲು, ತಲೆಯೆಣಿಕೆ, ಒಂಟಿಕೋಣೆ ಇವು ಭದ್ರತೆಗಾಗಿ ಏರ್ಪಟ್ಟವು. ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆಂಬ ಭಯದಿಂದ ನರಳುವವನಿಗೆ ಇವು ಆ ಭಯವನ್ನು ದೃಢಪಡಿಸುವ ಸಾಕ್ಷಿಗಳಾಗುತ್ತವೆ.

ಫಿಲಿಪ್ಪಿಯ ಸೆರೆಮನೆಯಲ್ಲಿಯೂ ಕೃಪೆ ಕೆಲಸಮಾಡಲಿಲ್ಲವೇ, ಅಧಿಕಾರಿಯೇ ಪೌಲ ಸೀಲರ ಗಾಯಗಳನ್ನು ತೊಳೆಯಲಿಲ್ಲವೇ ಎಂದು ಕೆಲವರು ಕೇಳಬಹುದು. ಅಪೊಸ್ತಲರ ಕೃತ್ಯಗಳು ಹದಿನಾರನೆಯ ಅಧ್ಯಾಯದ ಕ್ರಮವನ್ನು ಗಮನವಿಟ್ಟು ಓದಬೇಕು. ಅವರ ಕಾಲುಗಳನ್ನು ಕೋಳಕ್ಕೆ ಹಾಕಿ ಒಳಗಣ ಕೋಣೆಗೆ ತಳ್ಳಿದ್ದವನೂ ಅವನೇ. ಅವನು ಮೊದಲು ಅವರನ್ನು ಹೊರಗೆ ಕರತಂದನು. ಆಮೇಲೆ ಗಾಯಗಳನ್ನು ತೊಳೆದನು. ಬಳಿಕ ತನ್ನ ಮನೆಗೆ ಕರೆದುಕೊಂಡುಹೋಗಿ ಊಟವಿಟ್ಟನು. ಕೋಳದಲ್ಲಿ ಕಾಲಿರುವಾಗಲೇ ಗಾಯ ತೊಳೆದು ಅದನ್ನೇ ಸಾಕೆನ್ನಲಿಲ್ಲ.

ನಮ್ಮ ಸಭೆಗೆ

ಇದು ಪರದೇಶದ ಸಂಗತಿಯೆಂದು ಪುಟ ತಿರುಗಿಸುವ ಹಾಗಿಲ್ಲ. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 103ನೆಯ ಕಲಮು, ಮನೋರೋಗಿಯಾದ ಕೈದಿಯನ್ನು ಕಾರಾಗೃಹದ ವೈದ್ಯಕೀಯ ವಿಭಾಗದಲ್ಲಿರುವ ಮನೋರೋಗ ವಾರ್ಡಿಗೆ ಸಾಗಿಸಿದರೆ ಸಾಕೆನ್ನುತ್ತದೆ. ಪ್ರತಿ ರಾಜ್ಯದ ಒಂದು ಕಾರಾಗೃಹದಲ್ಲಾದರೂ ಅಂಥ ಆರೋಗ್ಯಕೇಂದ್ರ ಇರಬೇಕೆಂದೂ ವಿಧಿಸುತ್ತದೆ. ಅಮೆರಿಕದಲ್ಲಿ ನ್ಯಾಯಾಲಯಗಳ ಮುಂದೆ ಬಂದ ಪ್ರಶ್ನೆ ಹೀಗೆ ನಮ್ಮ ಕಾನೂನಿನೊಳಗೂ ಇದೆ. ಕಾರಾಗೃಹ ಸೇವೆಗೆ ಹೋಗುವ ಸಭಾಪಾಲಕರೂ ವಿದ್ಯಾರ್ಥಿಗಳೂ ಗೀತೆ ಹಾಡಿ, ಪ್ರಸಂಗ ಮಾಡಿ ಹಿಂದಿರುಗುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಬೇಕು. ಆರಾಧನೆಗೆ ಬಾರದೆ ಮೂಲೆಯಲ್ಲಿ ಕುಳಿತವನು ಯಾರು? ಅವನನ್ನು ವೈದ್ಯನು ಕೊನೆಯ ಬಾರಿ ನೋಡಿದ್ದು ಯಾವಾಗ? ಅವನ ಪರವಾಗಿ ವಕೀಲನಿದ್ದಾನೆಯೇ? ಮನೆಯವರಿಗೆ ಸುದ್ದಿ ಹೋಗಿದೆಯೇ? ಗುಣವಾದ ದಿನ ಅವನನ್ನು ಬರಮಾಡಿಕೊಳ್ಳಲು ನಮ್ಮ ಸಭೆಯಲ್ಲಿ ಒಂದು ಮನೆ ಸಿದ್ಧವಿದೆಯೇ?

ಕಡೆಯ ಪ್ರಶ್ನೆಯೇ ಹೆಚ್ಚು ಕಠಿಣ. ಊರಿನಲ್ಲಿ ಸ್ಥಳವಿಲ್ಲದಾಗಲೇ ಸೆರೆಮನೆ ಆಸ್ಪತ್ರೆಯಾಗುತ್ತದೆ. ಡಿಕ್ಸ್ ಅವರು ಹೋದದ್ದು ಪಾಠ ಹೇಳಲು. ಕಂಡದ್ದನ್ನು ಮರೆಯಲಾಗದೆ ಶಾಸನಸಭೆಯ ಬಾಗಿಲನ್ನು ತಟ್ಟಿದರು. ನಮ್ಮ ಭಾನುವಾರದ ಸೇವೆಯೂ ಅಷ್ಟು ದೂರ ನಡೆಯಬೇಕಾಗಿದೆ.