ನಿರಂಜನ ಪಾಲರ ಮೂಕಚಿತ್ರ ನಾಟಕಗಳು: ಅಭಿಜ್ಞಾನದ ಬಲವೂ ಮಿತಿಯೂ

ಭರತಮುನಿಯು ವಾಕ್ಕನ್ನು ನಾಟ್ಯದ ಶರೀರವೆಂದು ಹೇಳಿರುವನು. ಆಂಗಿಕ, ಆಹಾರ್ಯ, ಸಾತ್ತ್ವಿಕಗಳೆಂಬ ಉಳಿದ ಮೂರು ಅಭಿನಯಗಳು ಆ ವಾಕ್ಯಾರ್ಥವನ್ನೇ ವ್ಯಕ್ತಪಡಿಸತಕ್ಕವುಗಳೆಂಬುದು ಅವನ ಮತ. ಹೀಗಿರುವಲ್ಲಿ, ಕಳೆದ ಶತಮಾನದ ಮೊದಲ ಮೂರು ದಶಕಗಳಲ್ಲಿ ವಾಕ್ಕೇ ಇಲ್ಲದ ದೃಶ್ಯಕಾವ್ಯವೊಂದು ಬೆಳೆದು ಲೋಕವನ್ನೆಲ್ಲ ರಂಜಿಸಿತು. ಮೂಕಚಿತ್ರವೆಂಬ ಈ ಹೊಸ ರೂಪಕಕ್ಕೆ ಬರೆಯಹೊರಟ ನಾಟಕಕಾರನು ಶರೀರವನ್ನು ಕಳೆದುಕೊಂಡ ಮೇಲೆ ಯಾವುದನ್ನು ಆಶ್ರಯಿಸಿದನು? ಆ ಆಶ್ರಯದಿಂದ ಅವನಿಗೆ ದೊರೆತುದೇನು, ತಪ್ಪಿಹೋದುದೇನು? ಬಂಗಾಳದ ನಾಟಕಕಾರ ನಿರಂಜನ ಪಾಲರ (1889–1959) ಕೃತಿಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಪಾಲರು ಕಲ್ಕತ್ತೆಯಲ್ಲಿ ಹುಟ್ಟಿದವರು. ರಾಷ್ಟ್ರನಾಯಕ ಬಿಪಿನಚಂದ್ರ ಪಾಲರ ಪುತ್ರರು. ತಾರುಣ್ಯದಲ್ಲಿಯೇ ಲಂಡನ್ನಿಗೆ ಹೋಗಿ, ಅಲ್ಲಿ ಸಾವರ್ಕರ್ ಮೊದಲಾದವರ ಬಳಗಕ್ಕೆ ಹತ್ತಿರವಾಗಿದ್ದು, ಬಳಿಕ ಬರಹಕ್ಕೆ ತಿರುಗಿದರು. 1922ರಲ್ಲಿ ಅವರ 'ದಿ ಗಾಡೆಸ್' ಎಂಬ ಇಂಗ್ಲಿಷ್ ನಾಟಕವನ್ನು ಭಾರತೀಯ ನಟರೇ ಲಂಡನ್ನಿನ ರಂಗದ ಮೇಲೆ ಆಡಿ ತೋರಿಸಿದರು. ಆ ನಟರಲ್ಲಿ ನ್ಯಾಯಶಾಸ್ತ್ರದ ವಿದ್ಯಾರ್ಥಿಯಾಗಿ ಬಂದಿದ್ದ ಹಿಮಾಂಶು ರಾಯ್ ಒಬ್ಬರು. ಈ ಇಬ್ಬರ ಸ್ನೇಹದಿಂದಲೂ ಮ್ಯೂನಿಕ್ಕಿನ ನಿರ್ದೇಶಕ ಫ್ರಾಂಟ್ಸ್ ಓಸ್ಟೆನ್ನನ ಸಹಾಯದಿಂದಲೂ ಮೂರು ಮೂಕಚಿತ್ರಗಳು ಹುಟ್ಟಿದುವು: 1925ರ 'ಪ್ರೇಮ ಸನ್ಯಾಸ', ಅಂದರೆ ಯೂರೋಪಿನಲ್ಲಿ 'ದಿ ಲೈಟ್ ಆಫ್ ಏಷ್ಯಾ' ಎಂದು ಹೆಸರಾದ ಬುದ್ಧಚರಿತ್ರೆ, 1928ರ 'ಶಿರಾಜ್', 1929ರ 'ಪ್ರಪಂಚ ಪಾಶ'. ಮೊದಲನೆಯದು ಬೌದ್ಧ, ಎರಡನೆಯದು ಮೊಗಲ, ಮೂರನೆಯದು ಮಹಾಭಾರತದ ವಸ್ತು. ಭಾರತದಲ್ಲಿ ಸಾವಿರಕ್ಕೂ ಮಿಕ್ಕಿ ಮೂಕಚಿತ್ರಗಳು ತಯಾರಾದರೂ ಉಳಿದು ಬಂದವು ಕೆಲವೇ. ಈ ಮೂರೂ ಉಳಿದಿರುವುದರಿಂದಲೂ, ಎರಡನೆಯ ಮತ್ತು ಮೂರನೆಯ ಚಿತ್ರಗಳು ಜೀರ್ಣೋದ್ಧಾರಗೊಂಡು ಈ ಶತಮಾನದಲ್ಲಿ ಮತ್ತೆ ಪ್ರದರ್ಶಿತವಾಗಿರುವುದರಿಂದಲೂ ಪಾಲರನ್ನು ಕುರಿತ ವಿಮರ್ಶೆಯು ಕೇವಲ ಊಹೆಯಾಗಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ಚಿತ್ರವೆಂಬುದು ಹಲವು ಕೈಗಳ ಕೆಲಸ. 'ಶಿರಾಜ್' ಚಿತ್ರಕ್ಕೆ ಮೂಲವಾದುದು ಪಾಲರ ಕೃತಿಯಾದರೂ ಚಿತ್ರಕಥೆಯನ್ನು ಸಿದ್ಧಪಡಿಸಿದವನು ಡಬ್ಲ್ಯು. ಎ. ಬರ್ಟನ್. ಮೂರರಲ್ಲಿಯೂ ರಾಯ್ ಮತ್ತು ಓಸ್ಟೆನ್ ಇದ್ದೇ ಇದ್ದಾರೆ. ಆದುದರಿಂದ ಒಂದೊಂದು ದೃಶ್ಯದ ಚೆಲುವನ್ನೋ ಕುಂದನ್ನೋ ಪಾಲರ ತಲೆಗೆ ಕಟ್ಟುವುದು ನ್ಯಾಯವಲ್ಲ. ನಾವು ನೋಡತಕ್ಕದ್ದು ಕಥೆಯ ಹಂದರವನ್ನು ಮಾತ್ರ: ತೊಡಕು ಎಲ್ಲಿ ಬಿಗಿಯುತ್ತದೆ, ಯಾವುದರಿಂದ ಸಡಿಲುತ್ತದೆ ಎಂಬುದನ್ನು. ಅಷ್ಟರ ಮಟ್ಟಿಗೆ ಕಥಾಕರ್ತನು ಹೊಣೆಗಾರನು.

ಮೊದಲನೆಯ ಚಿತ್ರಕ್ಕೆ ಎಡ್ವಿನ್ ಆರ್ನಾಲ್ಡನ 1879ರ ಕಾವ್ಯವು ಆಧಾರ. ಈ ಆಯ್ಕೆಯಲ್ಲಿಯೇ ನಾಟಕಕಾರನ ಜಾಣ್ಮೆ ಕಾಣುತ್ತದೆ. ಗೌತಮನ ವೈರಾಗ್ಯಕ್ಕೆ ಕಾರಣವಾದುದು ಉಪದೇಶವಲ್ಲ, ದರ್ಶನ. ಮುದುಕನನ್ನು ಕಂಡನು, ರೋಗಿಯನ್ನು ಕಂಡನು, ಶವವನ್ನು ಕಂಡನು. ಕಂಡುದೇ ಅವನನ್ನು ಅರಮನೆಯಿಂದ ಹೊರಡಿಸಿತು. ಮಾತಿಲ್ಲದ ರೂಪಕಕ್ಕೆ ಇದಕ್ಕಿಂತ ಒಪ್ಪುವ ಕಥೆಯನ್ನು ಹುಡುಕುವುದು ಕಷ್ಟ. ತಂದೆಯು ಮಗನ ಕಣ್ಣಿಗೆ ದುಃಖವು ಬೀಳದಂತೆ ಕಾಪಾಡಿದನೆಂಬುದೂ, ಆ ಕಾಪು ಒಡೆದುದೂ ಕಣ್ಣಿನ ವ್ಯಾಪಾರಗಳೇ. ಜಯಪುರದ ಬೀದಿಗಳಲ್ಲಿಯೂ ಮಂದಿರಗಳಲ್ಲಿಯೂ ತೆಗೆದ ಆ ಚಿತ್ರದಲ್ಲಿ ಪ್ರೇಕ್ಷಕನು ಗೌತಮನ ಕಣ್ಣಿನಿಂದಲೇ ನೋಡುತ್ತಾನೆ. ಅವನು ಬೆಚ್ಚಿದಲ್ಲಿ ತಾನೂ ಬೆಚ್ಚುತ್ತಾನೆ.

'ಶಿರಾಜ್' ಇನ್ನೂ ಸ್ವತಂತ್ರವಾದ ಕಲ್ಪನೆ. ದರೋಡೆಗೆ ಸಿಕ್ಕಿದ ರಾಜವಂಶದ ಶಿಶುವೊಂದನ್ನು ಕುಂಬಾರನೊಬ್ಬನು ಸಾಕುತ್ತಾನೆ. ಸೆಲಿಮಾ ಎಂಬ ಆ ಹುಡುಗಿಯನ್ನು ಅವನ ಮಗ ಶಿರಾಜ್ ಪ್ರೀತಿಸುತ್ತಾನೆ. ಅವಳನ್ನು ದಾಸಿಯರ ವ್ಯಾಪಾರಿಗಳು ಅಪಹರಿಸಿ ಶಹಜಾದೆ ಖುರ್ರಮನಿಗೆ ಮಾರುತ್ತಾರೆ. ಶಿರಾಜನು ಬೆನ್ನಟ್ಟಿ ಆಗ್ರಾ ನಗರಕ್ಕೆ ಹೋಗಿ, ಆನೆಯ ಕಾಲಿಗೆ ಬಲಿಯಾಗುವ ಶಿಕ್ಷೆಯಿಂದ ಕೂದಲೆಳೆಯಲ್ಲಿ ಪಾರಾಗುತ್ತಾನೆ. ಸೆಲಿಮಾಳ ಕುಲವನ್ನು ಪ್ರಕಟಮಾಡುವುದು ಅವಳ ಮೈಮೇಲಿನ ತಾಯಿತ. ಅವಳೇ ಮುಮ್ತಾಜ್ ಮಹಲಳಾಗಿ ತೀರಿಹೋದ ಮೇಲೆ ಅವಳ ಸಮಾಧಿಗೆ ಮಾದರಿಯನ್ನು ರೂಪಿಸುವವನು ಮುದುಕನಾದ ಶಿರಾಜ್. ಇದಕ್ಕಿಂತ ಮಿಗಿಲಾದುದನ್ನು ಬೇರೆಲ್ಲಿಯೂ ಇವನು ಕಟ್ಟದಿರಲೆಂದು ಚಕ್ರವರ್ತಿಯು ಅವನ ಕಣ್ಣು ಕೀಳಿಸಲು ಆಜ್ಞಾಪಿಸುತ್ತಾನೆ. ಆದರೆ ಅವನು ಆಗಲೇ ಕುರುಡನಾಗಿದ್ದಾನೆ. ಇದು ಇತಿಹಾಸವಲ್ಲ, ಕಟ್ಟುಕಥೆ. ಆದರೆ ನಾಟಕವಾಗಿ ಇದರ ಬೆಲೆ ಹೆಚ್ಚು. ಕೇವಲ ಕಣ್ಣಿಗೆಂದೇ ಇರುವ ರೂಪಕದಲ್ಲಿ ಕಣ್ಣಿಲ್ಲದವನನ್ನು ನಾಯಕನನ್ನಾಗಿ ಮಾಡಿ, ಪ್ರೇಕ್ಷಕನು ಕಾಣುವ ತಾಜಮಹಲನ್ನು ಅದನ್ನು ಕಲ್ಪಿಸಿದವನೇ ಕಾಣಲಾರನೆಂದು ತೋರಿಸಿದುದು ಪಾಲರ ಕೃತಿಗಳಲ್ಲಿಯೇ ಅತ್ಯಂತ ಧ್ವನಿಪೂರ್ಣವಾದ ಸನ್ನಿವೇಶವೆಂದು ಹೇಳಬಹುದು.

ಮೂರನೆಯದಾದ 'ಪ್ರಪಂಚ ಪಾಶ'ದಲ್ಲಿ ರಂಜಿತ್, ಸೋಹತ್ ಎಂಬ ಇಬ್ಬರು ರಾಜರು, ಇಬ್ಬರೂ ಜೂಜುಗಾರರು. ಬೇಟೆಯ ನೆವದಲ್ಲಿ ಸೋಹತನು ರಂಜಿತನನ್ನು ಕೊಲ್ಲಿಸಲು ಹವಣಿಸುತ್ತಾನೆ. ಗಾಯಗೊಂಡ ರಂಜಿತನು ಕಣ್ವನೆಂಬ ತಪಸ್ವಿಯ ಆಶ್ರಮದಲ್ಲಿ ಗುಣಹೊಂದಿ ಅವನ ಮಗಳು ಸುನೀತೆಯನ್ನು ಪ್ರೀತಿಸುತ್ತಾನೆ. ಮುಂದೆ ಕಣ್ವನ ಕೊಲೆ, ರಂಜಿತನ ಮೇಲೆ ಅಪವಾದ, ದ್ಯೂತ. ಕೃತ್ರಿಮದ ದಾಳಗಳಿಂದ ರಂಜಿತನು ರಾಜ್ಯವನ್ನೂ ಕಡೆಗೆ ತನ್ನ ಸ್ವಾತಂತ್ರ್ಯವನ್ನೂ ಸೋತು ದಾಸನಾಗುತ್ತಾನೆ. ಬಾಲಕನೊಬ್ಬನಿಗೆ ಆ ದಾಳವು ಸಿಕ್ಕಿ ಮೋಸವು ಬಯಲಾಗುತ್ತದೆ. ಸೋಹತನು ಬಂಡೆಯಿಂದ ಹಾರಿ ಸಾಯುತ್ತಾನೆ. ಬೇಟೆ, ಆಶ್ರಮ, ಕಣ್ವ, ತಪಸ್ವಿಯ ಮಗಳು ಎಂಬ ಪೂರ್ವಾರ್ಧವು ಶಾಕುಂತಲದಿಂದಲೂ, ಉತ್ತರಾರ್ಧವು ಸಭಾಪರ್ವದಿಂದಲೂ ಬಂದುದೆಂಬುದು ವಾಚಕರಿಗೆ ಹೇಳದೆಯೇ ತಿಳಿಯುವುದು.

ಮೇಲಿನ ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಪಾಲರ ಮಾರ್ಗವು ಸ್ಪಷ್ಟವಾಗುತ್ತದೆ. ಅವರು ವಾಕ್ಕಿನ ಸ್ಥಾನದಲ್ಲಿ ಅಭಿಜ್ಞಾನವನ್ನು, ಅಂದರೆ ಕಂಡೊಡನೆ ಸತ್ಯವನ್ನು ಗುರುತು ಹಿಡಿಸುವ ವಸ್ತುವನ್ನು, ಕುಳ್ಳಿರಿಸಿದರು. ಕಾಳಿದಾಸನ ಉಂಗುರದ ಸಂತಾನವೇ ಈ ತಾಯಿತವೂ ಈ ದಾಳವೂ. ಇದರ ಬಲವು ಸಾಮಾನ್ಯವಾದುದಲ್ಲ. ಬಂಗಾಳಿಯೊಬ್ಬನು ಇಂಗ್ಲಿಷಿನಲ್ಲಿ ಬರೆದು, ಜರ್ಮನರು ರಾಜಸ್ಥಾನದಲ್ಲಿ ಚಿತ್ರ ತೆಗೆದು, ಮ್ಯೂನಿಕ್, ಲಂಡನ್, ಕಲ್ಕತ್ತೆಗಳಲ್ಲಿ ತೋರಿಸಬೇಕಾದಾಗ ಉಂಗುರಕ್ಕೂ ದಾಳಕ್ಕೂ ಅನುವಾದವು ಬೇಡ. ನಡುನಡುವೆ ತೋರಿಸುವ ಬರಹದ ಫಲಕಗಳನ್ನು ಆಯಾ ಭಾಷೆಗೆ ಬದಲಾಯಿಸಿದರೆ ಸಾಕು.

ಆದರೆ ಮಿತಿಯೂ ಅಲ್ಲಿಯೇ ಇದೆ. ಅಭಿಜ್ಞಾನವು 'ಇವಳು ಯಾರು?', 'ಮೋಸ ಮಾಡಿದವನು ಯಾರು?' ಎಂಬ ಸಂಗತಿಯ ಪ್ರಶ್ನೆಗೆ ಉತ್ತರ ಕೊಡುತ್ತದೆ, 'ಇದು ಧರ್ಮವೇ?' ಎಂಬ ಪ್ರಶ್ನೆಗೆ ಕೊಡಲಾರದು. ಮೂಲ ಸಭಾಪರ್ವದಲ್ಲಿ ಶಕುನಿಯ ಕಪಟವಿದ್ದರೂ ಕಥೆಯ ಮರ್ಮವು ಕಪಟದಲ್ಲಿಲ್ಲ. ತನ್ನನ್ನು ತಾನೇ ಮೊದಲು ಸೋತವನಿಗೆ ಹೆಂಡತಿಯನ್ನು ಪಣವಾಗಿ ಒಡ್ಡಲು ಹಕ್ಕುಂಟೇ ಎಂದು ದ್ರೌಪದಿಯು ಸಭೆಯನ್ನು ಕೇಳುತ್ತಾಳೆ. ಭೀಷ್ಮನು ಧರ್ಮವು ಸೂಕ್ಷ್ಮವೆಂದು ತಡವರಿಸುತ್ತಾನೆ. ವಿಕರ್ಣನೊಬ್ಬನು ಅವಳ ಪಕ್ಷವನ್ನು ಹಿಡಿಯುತ್ತಾನೆ. ವ್ಯಾಸನಲ್ಲಿಯೂ ನಮ್ಮ ಕುಮಾರವ್ಯಾಸನಲ್ಲಿಯೂ ಆ ಸಭೆಯು ಇಂದಿಗೂ ನಮ್ಮನ್ನು ಕಲಕುವುದು ಆ ಪ್ರಶ್ನೆಯಿಂದ. ದಾಳಗಳು ಶುದ್ಧವಾಗಿದ್ದರೂ ಆ ಪ್ರಶ್ನೆಯು ನಿಲ್ಲುತ್ತಿತ್ತು. ಪಾಲರ ಕಥೆಯಲ್ಲಾದರೋ ದಾಳವು ಕೃತ್ರಿಮವೆಂದು ತಿಳಿದೊಡನೆ ಎಲ್ಲವೂ ಸರಿಹೋಗುತ್ತದೆ. ರಾಜ್ಯವನ್ನೂ ತನ್ನನ್ನೂ ಪಣಕ್ಕೆ ಒಡ್ಡಿದ ರಂಜಿತನ ತಪ್ಪನ್ನು ವಿಚಾರಿಸುವವರೇ ಇಲ್ಲ. ಸುನೀತೆಗೆ ಕಷ್ಟವಿದೆ, ಪ್ರಶ್ನೆಯಿಲ್ಲ.

ಗುರುತುಗಳಿಂದಾಗುವ ಪರಿಜ್ಞಾನವು ಕಲೆಯಲ್ಲಿ ಕೆಳಗಿನ ದರ್ಜೆಯದೆಂದು ಅರಿಸ್ಟಾಟಲನು ಹೇಳಿದುದು ಇಂಥ ಕಡೆಗಳಲ್ಲಿ ನೆನಪಿಗೆ ಬರುತ್ತದೆ. ನಮ್ಮ ಶೂದ್ರಕನು ಇನ್ನೂ ಮುಂದೆ ಹೋದವನು. ಮೃಚ್ಛಕಟಿಕದ ನ್ಯಾಯಸ್ಥಾನದಲ್ಲಿ ವಿದೂಷಕನ ಬಳಿಯಿಂದ ಕೆಳಗೆ ಬಿದ್ದ ಒಡವೆಗಳು ನಿರಪರಾಧಿಯಾದ ಚಾರುದತ್ತನನ್ನೇ ಶೂಲದ ಹತ್ತಿರಕ್ಕೆ ಒಯ್ಯುತ್ತವೆ. ಅಲ್ಲಿ ಗುರುತು ಸುಳ್ಳು ಹೇಳುತ್ತದೆ. ಅದನ್ನು ನಂಬಿದ ಲೋಕದ ಮೇಲೆ ನಾಟಕವು ತೀರ್ಪು ಕೊಡುತ್ತದೆ. 'ಶಿರಾಜ್' ಚಿತ್ರದಲ್ಲಿ ಸೆಲಿಮಾಳಾಗಿ ನಟಿಸಿದ ಏಣಾಕ್ಷಿ ರಾಮರಾಯರೇ ಕೆಲಕಾಲದ ಮೇಲೆ, ಮೋಹನ ಭಾವನಾನಿಯವರು ಇದೇ ಮೃಚ್ಛಕಟಿಕದಿಂದ ತೆಗೆದ 'ವಸಂತಸೇನಾ' ಎಂಬ ಮೂಕಚಿತ್ರದ ನಾಯಿಕೆಯಾದರು. ಅದರಲ್ಲಿ ನಮ್ಮ ಟಿ. ಪಿ. ಕೈಲಾಸಂ ಅವರೂ ಪಾತ್ರ ವಹಿಸಿದ್ದರು. ಮಾತಿನ ಮಲ್ಲನೆನಿಸಿದ ನಾಟಕಕಾರನೊಬ್ಬನು ಮಾತಿಲ್ಲದ ತೆರೆಯ ಮೇಲೆ ನಿಂತ ಆ ಸಂಗತಿಯು ಆ ಕಾಲದ ನಾಟಕಕಾರರೆಲ್ಲರ ಇಕ್ಕಟ್ಟನ್ನು ಸೂಚಿಸುವಂತಿದೆ.

ಮಾತಿಲ್ಲದ ಮೇಲೆ ಧರ್ಮಜಿಜ್ಞಾಸೆಯು ಹೇಗೆ ಸಾಧ್ಯ, ಈ ದೋಷವು ಮಾಧ್ಯಮದ್ದೇ ಹೊರತು ಪಾಲರದಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಈ ಸಮಾಧಾನವು ಒಪ್ಪತಕ್ಕದ್ದಲ್ಲ. 'ಶಿರಾಜ್' ಹೊರಬಂದ 1928ರಲ್ಲಿಯೇ ಡೆನ್ಮಾರ್ಕಿನ ಡ್ರೈಯರನು ಜೋನ್ ಆಫ್ ಆರ್ಕಳ ವಿಚಾರಣೆಯನ್ನು ಮೂಕಚಿತ್ರವನ್ನಾಗಿ ಮಾಡಿದನು. ಅದು ಮೊದಲಿನಿಂದ ಕಡೆಯವರೆಗೆ ಪ್ರಶ್ನೋತ್ತರ. ಆದರೂ ನಟಿಯ ಮುಖವನ್ನು ಸಮೀಪದಿಂದ ತೋರಿಸಿಯೇ ಡ್ರೈಯರನು ಪ್ರಶ್ನೆಯ ಭಾರವನ್ನು ನಮ್ಮ ಎದೆಗೆ ಮುಟ್ಟಿಸಿದನು. ಸಾತ್ತ್ವಿಕಾಭಿನಯವು ವಾಕ್ಕಿನ ಕೆಲಸವನ್ನು ಮಾಡಬಲ್ಲುದೆಂಬುದಕ್ಕೆ ಅದು ಪ್ರಮಾಣ. ಪಾಲರ ಚಿತ್ರಗಳಾದರೋ ಆನೆ ಕುದುರೆ ಅರಮನೆಗಳ ಆಹಾರ್ಯವನ್ನು ನೆಚ್ಚಿದುವು. ಪಾಶ್ಚಾತ್ಯ ಪ್ರೇಕ್ಷಕನು ನೋಡಬಯಸಿದ ವೈಭವದ ಭಾರತವು ಅದು. ಆದುದರಿಂದ ಮಿತಿಯು ಮೌನದಿಂದ ಬಂದುದಲ್ಲ, ಆಯ್ಕೆಯಿಂದ ಬಂದುದು.

ವಾಕ್ಚಿತ್ರಗಳು ಬಂದ ಮೇಲೆ ಏನಾಯಿತೆಂಬುದೇ ಈ ಮಾತಿಗೆ ಪರೀಕ್ಷೆ. 1934ರಲ್ಲಿ ರಾಯ್ ಮತ್ತು ದೇವಿಕಾ ರಾಣಿಯವರು ಬಾಂಬೆ ಟಾಕೀಸನ್ನು ಸ್ಥಾಪಿಸಿದಾಗ ಪಾಲರು ಅದರ ಮುಖ್ಯ ಕಥಾಕರ್ತರಾದರು. 1936ರ 'ಅಛೂತ್ ಕನ್ಯಾ' ಅವರ ಕಥೆಯೇ. ರೈಲ್ವೆ ಗೇಟು ಕಾಯುವ ಅಸ್ಪೃಶ್ಯನಾದ ದುಖಿಯಾ, ಹಾವು ಕಚ್ಚಿದ ಬ್ರಾಹ್ಮಣ ಮೋಹನನ ಪ್ರಾಣವನ್ನು ಉಳಿಸುತ್ತಾನೆ. ದುಖಿಯಾನ ಮಗಳು ಕಸ್ತೂರಿಯೂ ಮೋಹನನ ಮಗ ಪ್ರತಾಪನೂ ಪ್ರೀತಿಸುತ್ತಾರೆ. ಜಾತಿಯು ಅವರನ್ನು ಅಗಲಿಸುತ್ತದೆ. ಇಲ್ಲಿ ಕೊನೆಗೂ 'ಇದು ಧರ್ಮವೇ?' ಎಂಬ ಪ್ರಶ್ನೆಯು ಎದ್ದಿದೆ. ಅದನ್ನು ಎತ್ತಿದ ಕೀರ್ತಿಯು ಪಾಲರಿಗೆ ಸಲ್ಲತಕ್ಕದ್ದು. ಆದರೆ ತೀರ್ಮಾನವು ಬರುವುದು ಯಾವುದರಿಂದ? ಮತ್ತೆ ಕಣ್ಣಿಗೆ ಕಾಣುವ ಒಂದು ವಸ್ತುವಿನಿಂದ. ಹಳಿಯ ಮೇಲೆ ನಿಂತ ಗಾಡಿ, ಎದುರಿಗೆ ಬರುವ ರೈಲು, ಅದನ್ನು ತಡೆಯಲು ಓಡಿ ಪ್ರಾಣ ಬಿಡುವ ಕಸ್ತೂರಿ. ಅವಳ ಮರಣದಿಂದ ಪ್ರೇಕ್ಷಕನ ಕಣ್ಣು ತುಂಬುತ್ತದೆ. ಪ್ರಶ್ನೆಯು ಉತ್ತರವಿಲ್ಲದೆ ಉಳಿಯುತ್ತದೆ.

ಇದರಲ್ಲಿ ಇನ್ನೊಂದು ವಿಪರ್ಯಾಸವೂ ಅಡಗಿದೆ. ಪಾಲರು ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ. 'ಅಛೂತ್ ಕನ್ಯಾ'ದ ಹಿಂದಿ ಸಂಭಾಷಣೆಯನ್ನೂ ಹಾಡುಗಳನ್ನೂ ರಚಿಸಿದವರು ಜೆ. ಎಸ್. ಕಶ್ಯಪ್. ನಿರ್ದೇಶಕನಾದ ಓಸ್ಟೆನ್ನನಿಗೆ ಹಿಂದಿಯೇ ಬಾರದು. ಮೂಕಚಿತ್ರವು ನಾಟಕಕಾರನಿಂದ ಮಾತನ್ನು ಕಿತ್ತುಕೊಂಡಿತ್ತು. ವಾಕ್ಚಿತ್ರವು ಅದನ್ನು ಹಿಂದಕ್ಕೆ ಕೊಟ್ಟಾಗ ಅದು ಬೇರೊಬ್ಬರ ಕೈಗೆ ಹೋಯಿತು. ಹೀಗೆ ಎರಡು ಯುಗಗಳಲ್ಲಿಯೂ ಪಾಲರು ಒಂದರ್ಥದಲ್ಲಿ ಮೂಕರಾಗಿಯೇ ಬರೆದರು. ಮೂಕಚಿತ್ರದಲ್ಲಿ ಆ ಮೌನವೇ ಅವರಿಗೆ ಅನುಕೂಲವಾಗಿತ್ತು, ಏಕೆಂದರೆ ಅಲ್ಲಿ ಎಲ್ಲರೂ ಮೂಕರೇ.

ನಮ್ಮ ನಾಟಕಸಾಹಿತ್ಯದ ಚರಿತ್ರೆಗಳು ಅಚ್ಚಾದ ಗ್ರಂಥವನ್ನು ಮಾತ್ರ ಕೃತಿಯೆಂದು ಎಣಿಸುತ್ತವೆ. ಹೀಗಾಗಿ ತೆರೆಗಾಗಿ ಬರೆದವರು ಸಾಹಿತ್ಯಚರಿತ್ರೆಗೂ ಸೇರದೆ, ನಟರೂ ನಿರ್ದೇಶಕರೂ ತುಂಬಿದ ಚಿತ್ರಚರಿತ್ರೆಯಲ್ಲಿಯೂ ಎದ್ದು ಕಾಣದೆ ನಡುವೆ ಉಳಿದರು. ಪಾಲರನ್ನು ಮಹಾನಾಟಕಕಾರರೆಂದು ಹೊಗಳುವುದು ನಮ್ಮ ಉದ್ದೇಶವಲ್ಲ. ಆದರೆ ಕಾಳಿದಾಸನ ಉಂಗುರವನ್ನೂ ಶೂದ್ರಕನ ಒಡವೆಗಳನ್ನೂ ವಿದ್ಯಾರ್ಥಿಗಳಿಗೆ ಪಾಠ ಹೇಳುವವರು, ಅದೇ ತಂತ್ರವು ವಾಕ್ಕಿನ ನೆರವಿಲ್ಲದೆ ಎಷ್ಟು ದೂರ ನಡೆಯಬಲ್ಲುದು, ಎಲ್ಲಿ ನಿಂತುಹೋಗುತ್ತದೆ ಎಂಬುದನ್ನು ಈ ಮೂರು ಚಿತ್ರಗಳಲ್ಲಿ ಪ್ರತ್ಯಕ್ಷವಾಗಿ ಕಾಣಬಹುದು. ಕುರುಡ ಶಿರಾಜನ ಸನ್ನಿವೇಶವು ಅದು ನಡೆಯಬಲ್ಲ ದೂರವನ್ನು ತೋರಿಸುತ್ತದೆ. ಪ್ರಶ್ನೆ ಕೇಳದ ಸುನೀತೆಯು ಅದು ನಿಲ್ಲುವ ಸ್ಥಳವನ್ನು ತೋರಿಸುತ್ತಾಳೆ. ಭರತನು ವಾಕ್ಕನ್ನು ನಾಟ್ಯದ ಶರೀರವೆಂದುದು ಏಕೆಂಬುದು ಈ ಎರಡನ್ನೂ ಹತ್ತಿರ ಹತ್ತಿರ ಇಟ್ಟು ನೋಡಿದವರಿಗೆ ಹೊಸದಾಗಿ ಮನದಟ್ಟಾಗುವುದು.