ಒಂದು ಡಾಲರ್ ಎಂಬತ್ತೇಳು ಸೆಂಟ್

ಕ್ರಿಸ್‌ಮಸ್ ಕಥೆಗಳೆಂದರೆ ಡಿಕನ್ಸ್‌ನ 1843ರ 'ಎ ಕ್ರಿಸ್‌ಮಸ್ ಕ್ಯಾರೊಲ್' ಮೊದಲು ನೆನಪಾಗುತ್ತದೆ. ಆದರೆ ಮನೆಮಂದಿಯೆಲ್ಲ ಕೂತು ಓದಲು ನಾನು ಆರಿಸುವುದು ಓ. ಹೆನ್ರಿಯ 1905ರ 'ದ ಗಿಫ್ಟ್ ಆಫ್ ದ ಮೇಜೈ'. ಜಿಪುಣ ಸ್ಕ್ರೂಜ್ ಮನಸ್ಸು ಕರಗಿ ಕೊಡುವುದು ಇದ್ದದ್ದರಲ್ಲಿ. ಡೆಲ್ಲಾ ಕೊಡುವುದು ಇಲ್ಲದ್ದರಲ್ಲಿ.

ತರಕಾರಿಯವನ ಹತ್ತಿರ ಚೌಕಾಸಿ ಮಾಡಿ ಅವಳು ಉಳಿಸಿದ್ದು 1 ಡಾಲರ್ 87 ಸೆಂಟ್. ಅದನ್ನು ಮೂರು ಸಲ ಎಣಿಸುವ ಅವಳನ್ನು ನಾವು ಬಲ್ಲೆವು. ಸಾಸಿವೆ ಡಬ್ಬಿಯಲ್ಲಿ ಚಿಲ್ಲರೆ ಕೂಡಿಟ್ಟವರಲ್ಲವೇ ನಾವು! ಗಂಡನ ಗಡಿಯಾರಕ್ಕೆ ಸರಪಳಿ ಕೊಳ್ಳಲು ಅವಳು 20 ಡಾಲರಿಗೆ ಕೂದಲು ಮಾರುತ್ತಾಳೆ. ಅವನೋ ಆ ಕೂದಲಿಗೆ ಬಾಚಣಿಗೆ ತರಲು ಗಡಿಯಾರವನ್ನೇ ಮಾರಿರುತ್ತಾನೆ.

ಹೆಂಡತಿಯ ತ್ಯಾಗವನ್ನು ಹೊಗಳುವ ಕಥೆಗಳಿಗೆ ನಮ್ಮಲ್ಲಿ ಬರವಿಲ್ಲ. ಇಲ್ಲಿ ಗಂಡನೂ ಕಳೆದುಕೊಳ್ಳುತ್ತಾನೆ. ಕೂದಲು ಮತ್ತೆ ಬೆಳೆದೀತು, ಅಜ್ಜನಿಂದ ಅಪ್ಪನಿಗೆ ಬಂದ ಗಡಿಯಾರ ಮರಳಿ ಬಾರದು. ಆದರೂ ಅವನು ಮುಖ ಸಿಂಡರಿಸದೆ ನಗುತ್ತಾನೆ, ಊಟಕ್ಕೆ ಅಣಿಮಾಡು ಎನ್ನುತ್ತಾನೆ. ಕಥೆಯ ದೊಡ್ಡತನ ಇರುವುದು ಈ ಮಾತಿನಲ್ಲಿ.

ಕೊನೆಯಲ್ಲಿ ಲೇಖಕರೇ ಬಂದು ಇವರೇ ಜಾಣರೆಂದು ವಿವರಿಸುವುದು ಮಾತ್ರ ನನಗೆ ಹಿಡಿಸದು. ಓದಿ ಹೇಳುವಾಗ ಅಷ್ಟನ್ನು ಬಿಟ್ಟು, ಯಾರು ಹೆಚ್ಚು ಕೊಟ್ಟರೆಂದು ಮಕ್ಕಳನ್ನು ಕೇಳಿ. ಮನೆಯ ಯಜಮಾನರನ್ನೂ ಕೇಳಿ.